ಧಾರಾವಿ ಕುಂಭಾರವಾಡಾದಲ್ಲಿ ಎಂಟು ಜನರ ಮಡಕೆ ಕಲಿಕೆ: ಒಂದು ದಿನ ಸಾಕಾಗುತ್ತದೆಯೇ?

ಮಾಟುಂಗಾ ಬಳಗ:

ಎಲ್ಲರಿಗೂ ನಮಸ್ಕಾರ. ಮುಂಬೈಯ ಮಾಟುಂಗಾ, ಸಯನ್, ಚೆಂಬೂರು ಕಡೆಯ ಎಂಟು ಜನ ಕನ್ನಡಿಗರು ಸೇರಿ ಧಾರಾವಿಯ ಕುಂಬಾರರ ಕೇರಿಯಾದ ಕುಂಭಾರವಾಡಾದಲ್ಲಿ, ಕುಂಬಾರರ ಜಾಗದಲ್ಲೇ ಕೂತು ಮಡಕೆ ಮಾಡುವುದನ್ನು ಕಲಿಯಬೇಕು ಅಂದುಕೊಂಡಿದ್ದೇವೆ. ಹವಾನಿಯಂತ್ರಿತ ಕೋಣೆಯಲ್ಲಿ ಎರಡು ಗಂಟೆ ಮಣ್ಣು ಮುಟ್ಟಿ ಫೋಟೋ ತೆಗೆಸಿಕೊಂಡು ಬರುವ ತರಗತಿ ಬೇಡ. ಮಣ್ಣು ಹದ ಮಾಡುವುದರಿಂದ ಹಿಡಿದು ಸುಡುವವರೆಗೆ ಕೆಲಸ ಹೇಗೆ ಸಾಗುತ್ತದೆ ಎಂದು ತಿಳಿಯಬೇಕು.

ಗುಂಪಿನಲ್ಲಿ ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳಿದ್ದಾರೆ. ಹಿರಿಯರೊಬ್ಬರಿಗೆ ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂರಲಾಗದು. ತಿಗುರಿ (ಕುಂಬಾರರ ಚಕ್ರ) ಮುಟ್ಟಿದವರು ಯಾರೂ ಇಲ್ಲ. ಒಂದು ಭಾನುವಾರ ಸಾಕೇ? ಮಾಡಿದ್ದನ್ನು ಅಂದೇ ಮನೆಗೆ ತರಬಹುದೇ? ಎಷ್ಟು ಮಣ್ಣು ಹೇಳಿಡಬೇಕು? ಮಕ್ಕಳಿಗೆ ಮೇ ತಿಂಗಳು ರಜೆ, ಆಗ ಹೋಗಬಹುದೇ? ನಾವೇ ಮಾಡಿದ ಮಡಕೆಯಲ್ಲಿ ಸಾರು ಕುದಿಸುವ ಆಸೆ ಇಬ್ಬರಿಗಿದೆ, ಅದೂ ಆಗುತ್ತದೆಯೇ ತಿಳಿಸಿ.

ತಿಗುರಿ:

ಒಂದು ದಿನದಲ್ಲಿ ಹಸಿ ಮಡಕೆ ಆಗುತ್ತದೆ, ಸುಟ್ಟ ಮಡಕೆ ಆಗುವುದಿಲ್ಲ. ಒಂದು ಭಾನುವಾರದ ಬದಲು ಒಂದು ಶನಿವಾರ ಮತ್ತು ಮರುದಿನದ ಭಾನುವಾರ ಇಟ್ಟುಕೊಳ್ಳಿ. ಶನಿವಾರ ಮಾಡಿದ್ದು ರಾತ್ರಿ ಪ್ಲಾಸ್ಟಿಕ್ ಹೊದಿಕೆಯಡಿ ಅರೆಗಟ್ಟಿಯಾಗುತ್ತದೆ. ತಳ ಕೆತ್ತುವುದು, ಹಿಡಿ ಕೂಡಿಸುವುದು, ಹಲಗೆಯಿಂದ ತಟ್ಟಿ ಹಿಗ್ಗಿಸುವುದು, ಕಾವಿ ಹಚ್ಚಿ ಉಜ್ಜುವುದು ಎಲ್ಲವೂ ಈ ಅರೆಗಟ್ಟಿ ಹದದ ಕೆಲಸ. ಭಾನುವಾರ ಬಿಟ್ಟುಕೊಟ್ಟರೆ ಅರ್ಧ ವಿದ್ಯೆಯನ್ನೇ ಬಿಟ್ಟ ಹಾಗೆ. ಆಮೇಲೆ ಒಣಗಿ, ಕುಂಬಾರರ ಸರದಿಯಲ್ಲಿ ಸುಟ್ಟು, ಕೈಗೆ ಬರಲು ಎರಡರಿಂದ ಮೂರು ವಾರ ಬೇಕು.

ಮಣ್ಣಿನ ಲೆಕ್ಕ: ತಲೆಗೆ 3 ಕೆಜಿ. ಎಂಟು ಜನಕ್ಕೆ 25 ಕೆಜಿ ಕಲಸಿದ ಮಣ್ಣು ಹೇಳಿಡಿ. ಹಣತೆಗೆ 50ರಿಂದ 80 ಗ್ರಾಂ, ಅಂಗೈಯಗಲದ ಬಟ್ಟಲಿಗೆ 400ರಿಂದ 500 ಗ್ರಾಂ ಸಾಕು. ಉಳಿದದ್ದು ಕೆಡಿಸಿ ಕಲಿಯಲು. ಕುಸಿದ ಮಣ್ಣು ಹಾಳಾಗುವುದಿಲ್ಲ, ಮತ್ತೆ ನಾದಿದರೆ ಕೆಲಸಕ್ಕೆ ಬರುತ್ತದೆ. ಆದರೆ ಅತಿ ನೀರು ಕುಡಿದ ಮಣ್ಣನ್ನು ಒಣ ಮಣ್ಣಿನ ಜೊತೆ ಬೆರೆಸದೆ ಬೇರೆ ಬಕೆಟ್ಟಿಗೆ ಹಾಕಿ.

ಶನಿವಾರ ಬೆಳಗ್ಗೆ ನೇರ ತಿಗುರಿಯ ಮುಂದೆ ಕೂರಬೇಡಿ. ಮೊದಲ ಒಂದು ಗಂಟೆ ನಾದುವುದಕ್ಕೇ ಇರಲಿ. ಕುಂಬಾರರು ಮಣ್ಣಿನ ಹೆಂಟೆಯನ್ನು ಒಡೆದು, ಪೂರ್ತಿ ಒಣಗಿಸಿ, ಆಮೇಲೆ ನೀರಿಗೆ ಹಾಕುತ್ತಾರೆ. ಒಣಗಿದ ಮಣ್ಣು ನೀರಿನಲ್ಲಿ ತಾನಾಗಿ ಕರಗಿ ಬೀಳುತ್ತದೆ, ಅರೆಹಸಿ ಮಣ್ಣು ಗಂಟುಗಂಟಾಗಿಯೇ ಉಳಿಯುತ್ತದೆ. ಆಮೇಲೆ ಸೋಸುವುದು, ಕಾಲಲ್ಲಿ ತುಳಿಯುವುದು, ಕೈಯಲ್ಲಿ ನಾದುವುದು. ನಾದುವಾಗ ಬೆರಳಿಗೆ ಸಿಗುವ ಪ್ರತಿ ಹರಳನ್ನೂ ತೆಗೆದುಹಾಕಿ. ಮಣ್ಣಿನ ಮುದ್ದೆಯನ್ನು ದಾರದಿಂದ ಕತ್ತರಿಸಿ ನೋಡಿದರೆ ಕೊಯ್ದ ಮುಖದಲ್ಲಿ ಗಾಳಿಯ ತೂತುಗಳು ಕಾಣಬಾರದು.

ಹದ ಗೊತ್ತಾಗಲು ಬೆರಳಷ್ಟು ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಹೊರಮೈ ಸೀಳಿದರೆ ನೀರು ಕಡಿಮೆ, ಇಲ್ಲವೇ ಮರಳು ಹೆಚ್ಚು. ಬೆರಳಿಗೆ ಅಂಟಿ ಬಿಡದಿದ್ದರೆ ನೀರು ಹೆಚ್ಚು. ತಿಗುರಿಗೆ ಚಪಾತಿ ಹಿಟ್ಟಿಗಿಂತ ತುಸು ಮೆತ್ತಗಿರಬೇಕು, ಕೈಯಲ್ಲಿ ಕಟ್ಟುವ ಪಾತ್ರೆಗೆ ಅದಕ್ಕಿಂತ ಗಟ್ಟಿ.

ಆಮೇಲೆ ಎಲ್ಲರೂ ಒಂದೊಂದು ಉಂಡೆ ಹಿಡಿದು ಹೆಬ್ಬೆರಳಿನಿಂದ ಗುಳಿ ಮಾಡಿ, ಸುತ್ತ ಹಿಸುಕುತ್ತ ಬಟ್ಟಲು ಮಾಡಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬೆರಳಿಗೆ ತಿಳಿಯುವುದು ಇಲ್ಲೇ. ಒಂಬತ್ತರ ಮಗುವಿಗೆ ಇದೇ ಮುಖ್ಯ ಕೆಲಸವಾಗಲಿ.

ತಿಗುರಿ ಎರಡು ಸಿಕ್ಕರೆ ಒಂದಕ್ಕೆ ನಾಲ್ವರು, ಒಬ್ಬರಿಗೆ ಹತ್ತು-ಹನ್ನೆರಡು ನಿಮಿಷದ ಮೂರು ಸರದಿ. ಒಂದೇ ಸಲ ಅರ್ಧ ಗಂಟೆ ಕೂತರೆ ಹೊಸಬರ ಮಣಿಕಟ್ಟು ಸೋಲುತ್ತದೆ. ಮೂರು ಸಲ ಕೂತರೆ ನಡುವೆ ಬೇರೆಯವರ ಕೈ ನೋಡಿ ಕಲಿಯುವುದೂ ಆಗುತ್ತದೆ. ಅಲ್ಲೀಗ ಹೆಚ್ಚಾಗಿ ಕರೆಂಟಿನ ಚಾಕ, ಅಂದರೆ ಕರೆಂಟಿನ ತಿಗುರಿ. ಎತ್ತರಿಸಿಟ್ಟ ಚಾಕ ಇದೆಯೇ ಎಂದು ಮೊದಲೇ ವಿಚಾರಿಸಿ, ಹಿರಿಯರು ಸ್ಟೂಲಿನ ಮೇಲೆ ಕೂತು ಮಾಡಬಹುದು. ಸೆರಗು, ದುಪಟ್ಟಾ, ಸಡಿಲ ತೋಳು ಬೇಡ, ಕೂದಲು ಕಟ್ಟಿರಲಿ. ಉಗುರು ಕತ್ತರಿಸಿ, ಉಂಗುರ ತೆಗೆದಿಡಿ.

ನಮ್ಮ ಕಡೆಯ ಕುಂಬಾರರಂತೆಯೇ ಧಾರಾವಿಯ ಕುಂಬಾರರೂ ಒಂದೊಂದು ಪಾತ್ರೆಗೆ ಒಂದೊಂದು ಉಂಡೆ ಇಡುವುದಿಲ್ಲ. ಐದಾರು ಕೆಜಿ ಮಣ್ಣನ್ನು ಗೋಪುರದಂತೆ ನಿಲ್ಲಿಸಿ, ತುದಿಯಲ್ಲಷ್ಟೇ ಪಾತ್ರೆ ಎಬ್ಬಿಸಿ, ದಾರದಿಂದ ಕೊಯ್ದು ತೆಗೆಯುತ್ತಾರೆ. ಹೊಸಬರಿಗೆ ಇದು ಒಳ್ಳೆಯದು. ಇಡೀ ಗೋಪುರವನ್ನು ನಡುವಿಗೆ ತರುವ ಕೆಲಸ ಕುಂಬಾರರದು, ನೀವು ತುದಿಯ ಮುಷ್ಟಿಯಷ್ಟು ಮಣ್ಣನ್ನು ಮಾತ್ರ ನಡುವಿಗೆ ತಂದರಾಯಿತು.

ಮೊಣಕೈಗಳನ್ನು ತೊಡೆಗೆ ಊರಿ. ಮೊಣಕೈ ಗಾಳಿಯಲ್ಲಿದ್ದರೆ ಮಣ್ಣೇ ನಿಮ್ಮ ಕೈಯನ್ನು ಕುಣಿಸುತ್ತದೆ. ಒದ್ದೆ ಅಂಗೈಗಳ ನಡುವೆ ಮಣ್ಣನ್ನು ಒತ್ತಿ ಮೇಲೆತ್ತಿ, ಮತ್ತೆ ಕೆಳಕ್ಕೆ ಒತ್ತಿ. ಕಣ್ಣು ಮುಚ್ಚಿದರೂ ಅಂಗೈಗೆ ತುಯ್ತ ತಿಳಿಯದಷ್ಟು ನಿಂತಾಗ ಹೆಬ್ಬೆರಳು ಇಳಿಸಿ. ತಳದಲ್ಲಿ 8ರಿಂದ 10 ಮಿ.ಮೀ. ಮಣ್ಣು ಉಳಿಯಲಿ. ಗೋಪುರದ ಮೇಲೆ ತಳ ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ. ಆದ್ದರಿಂದ ಒಳಗಿನ ಆಳವನ್ನು ಕಡ್ಡಿಯಿಂದ ಅಳೆದು, ಅದಕ್ಕಿಂತ ಒಂದು ಸೆಂ.ಮೀ. ಕೆಳಗೆ ಹೊರಗಡೆ ಉಗುರಿನಿಂದ ಗೀರು ಹಾಕಿ, ದಾರ ಅಲ್ಲೇ ಎಳೆಯಿರಿ.

ಇನ್ನೊಂದು ಕೆಲಸವನ್ನು ಹೊಸಬರು ಯಾವಾಗಲೂ ಮರೆಯುತ್ತಾರೆ. ಗುಳಿ ತೋಡಿದ ಮೇಲೆ ಒಳತಳವನ್ನು ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಎರಡು ಮೂರು ಸಲ ಒತ್ತಿ, ನಿಂತ ನೀರನ್ನು ಸ್ಪಂಜಿನಿಂದ ತೆಗೆಯಬೇಕು. ಗೋಡೆಯ ಮಣ್ಣು ಎಳೆದು ಎತ್ತುವಾಗ ತಾನಾಗಿ ಬಿಗಿಯುತ್ತದೆ, ತಳದ ಮಣ್ಣಿಗೆ ಆ ಒತ್ತು ಬೀಳುವುದೇ ಇಲ್ಲ. ಅಲ್ಲಿ ನೀರೂ ನಿಂತರೆ, ಅಂಚು ಮೊದಲು ಒಣಗಿ ಗಟ್ಟಿಯಾಗಿ, ತಳ ತಡವಾಗಿ ಕುಗ್ಗಿ, ಸೊಟ್ಟ ಗೆರೆಯಂಥ ಸೀಳು ನಡುತಳದಲ್ಲಿ ಮೂಡುತ್ತದೆ. ಸುಟ್ಟ ಮೇಲೆ ಕಾಣುವ ಈ ಸೀಳಿಗೆ ಬೆಂಕಿಯನ್ನು ದೂರುವವರು ಬಹಳ ಜನ. ಅದು ಹುಟ್ಟುವುದು ತಿಗುರಿಯ ಮೇಲೆ.

ಗೋಡೆ ಎತ್ತುವಾಗ ವೇಗ ತಗ್ಗಿಸಿ. ತಿಗುರಿ ಗಡಿಯಾರದ ದಿಕ್ಕಿಗೆ ತಿರುಗುತ್ತಿದ್ದರೆ ಪಾತ್ರೆಯ ಎಡಬದಿಯಲ್ಲಿ ಕೆಲಸ ಮಾಡಿ, ವಿರುದ್ಧ ದಿಕ್ಕಾದರೆ ಬಲಬದಿಯಲ್ಲಿ. ಬದಿ ತಪ್ಪಿದರೆ ಮಣ್ಣು ಬೆರಳಿಗೆ ಎದುರಾಗಿ ಬಂದು ಗೋಡೆ ಹರಿಯುತ್ತದೆ. ದಪ್ಪ 5–6 ಮಿ.ಮೀ. ಇರಲಿ. ಒಣಗಿ ಸುಟ್ಟ ಮೇಲೆ ಒಟ್ಟು ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ ಎಂದಿಟ್ಟುಕೊಂಡು, 10 ಸೆಂ.ಮೀ. ಲೋಟ ಬೇಕಿದ್ದರೆ 11 ಸೆಂ.ಮೀ. ಎತ್ತಿ.

ಆವಿಗಿ ಬೆಂಕಿ:

ತಿಗುರಿಯವರು ಮಾಡೋ ಕೆಲಸ ಚಂದ ಹೇಳ್ಯಾರ. ನಾ ಒಣಗಿಸೋದು, ಸುಡೋದು ಹೇಳ್ತೀನಿ, ಯಾಕಂದ್ರ ಹೊಸಬರ ಪಾತ್ರೆ ಸಾಯೋದು ಅಲ್ಲೇ.

ಭಾನುವಾರದ ಕೆಲಸದಾಗ ಹಿಡಿ ಕೂಡಿಸೋದು ನೋಡ್ಕೋರಿ. ಮೈಯಿ ಮತ್ತ ಹಿಡಿ ಎರಡೂ ಒಂದೇ ಹದದಾಗ ಇರಬೇಕು. ಎರಡೂ ಕಡೆ ಕಡ್ಡಿಲೆ ಗೀರಿ, ಅದೇ ಮಣ್ಣಿನ ಗಟ್ಟಿ ರಾಡಿ ಹಚ್ಚಿ ಒತ್ತಬೇಕು. ಅರೆಗಟ್ಟಿ ಮೈಗೆ ಹಸಿ ಹಿಡಿ ಅಂಟಿಸಿದ್ರ ಹಿಡಿ ಹೆಚ್ಚು ಕುಗ್ಗಿ ಬುಡದಾಗ ಬಿರಿತದ. ತಳ ಗುಂಡಗ ಬೇಕಂದ್ರ ಒಳಗ ನುಣ್ಣನ್ನ ಗುಂಡುಕಲ್ಲು ಹಿಡದು, ಹೊರಗ ಕಟ್ಟಿಗಿ ಹಲಗಿಲೆ ತಟ್ಟಬೇಕು. ನಡುನಡುವ ಒಣ ಬೂದಿ ಉದುರಿಸ್ರಿ, ಇಲ್ಲಂದ್ರ ಹಲಗಿಗೆ ಮಣ್ಣು ಕಚ್ಚತದ. ಪ್ರತಿ ಪೆಟ್ಟು ಒಳಗಿನ ಕಲ್ಲಿನ ಮ್ಯಾಲೇ ಬೀಳಬೇಕು. ಕಿವಿಗೆ ಗೊತ್ತಾಗ್ತದ: ಕಲ್ಲಿದ್ದಲ್ಲಿ ಸಪ್ಪಳ ಗಟ್ಟಿ, ಇಲ್ಲದಲ್ಲಿ ಪೊಳ್ಳು. ಹೆಸರು ಗೀರೋದಿದ್ರ ಇದೇ ದಿನ, ತಳದಾಗ, ಆಳ ಬ್ಯಾಡ.

ಒಣಗಿಸೋದು ನೆರಳಿನಾಗ, ಗಾಳಿ ನೇರ ಬಡಿಯದ ಜಾಗದಾಗ. ಫ್ಯಾನ್ ಕೆಳಗ ಇಡಬ್ಯಾಡ್ರಿ. ಮೊದಲ ಎರಡು ದಿನ ಬಾಯಿ ಅಂಚಿಗೆ ಮಾತ್ರ ಪ್ಲಾಸ್ಟಿಕ್ ಸುತ್ತಿದ್ರ ಅಂಚು ಮತ್ತ ತಳ ಕೂಡೇ ಒಣಗ್ತಾವು. 5–6 ಮಿ.ಮೀ. ದಪ್ಪಂದು ಮುಂಬೈ ಚಳಿಗಾಲದಾಗ ಒಂದು ವಾರ ಹಿಡಿತದ, ಮಳೆಗಾಲದಾಗ ಎರಡು ಮೂರು ವಾರ ಆದ್ರೂ ಆಗಬಹುದು. ಒಣಗೇದೋ ಇಲ್ಲೋ ನೋಡಾಕ ಗಲ್ಲಕ್ಕ ಹಿಡೀರಿ. ತಣ್ಣಗ ಹತ್ತಿದ್ರ ಒಳಗ ಇನ್ನೂ ನೀರದ. ಸಂಶಯ ಇದ್ರ ತೂಕ ಮಾಡ್ರಿ, ಎರಡು ದಿನ ಬಿಟ್ಟು ಮತ್ತ ತೂಗ್ರಿ. ತೂಕ ಇಳೀಲಿಲ್ಲಂದ್ರ ಸುಡಬಹುದು.

ಕುಂಭಾರವಾಡಾದ ಭಟ್ಟಿಗಳು (ಮಡಕಿ ಸುಡೋ ಆವಿಗಿ) ಮನಿಗಳ ನಡುವಿನ ಬಯಲಿನಾಗ, ಇಟ್ಟಂಗಿ ಕಟ್ಟಿದವು. ಹಂಚಿಕೊಂಡು ಸುಡ್ತಾರ. ಉರುವಲು ಹೆಚ್ಚಾಗಿ ಹತ್ತಿ ಚಿಂದಿ, ಕಟ್ಟಿಗಿ ಹೊಟ್ಟು. ದೊಡ್ಡವು ಕೆಳಗ, ಸಣ್ಣವು ಮ್ಯಾಲೆ ಮತ್ತ ಸಂದಿನಾಗ, ಮ್ಯಾಲೆ ಒಡದ ಮಡಕಿ ಚೂರು ಮುಚ್ಚಿಗಿ. ಮೊದಲ ಕೆಲವು ತಾಸು ಬರೇ ಹೊಗಿ, ಉರಿ ಇಲ್ಲ. ಆ ಹೊತ್ತಿನಾಗ ಮಣ್ಣಿನ ಸಂದಿನ ನೀರು ಸಾವಕಾಶ ಹೊರಗ ಹೋಗಬೇಕು. 100 ಡಿಗ್ರಿ ದಾಟೂದರಾಗ ನೀರು ಉಳದಿದ್ರ ಉಗಿ ಆಗಿ ಒಳಗಿಂದ ಒತ್ತಿ, ಪಾತ್ರೆ ಸಿಡಿತದ. 450ರಿಂದ 600 ಡಿಗ್ರಿ ನಡುವ ಮಣ್ಣಿನ ಕಣದೊಳಗಿನ ನೀರೂ ಬಿಡ್ತದ. ಅದರ ಮ್ಯಾಲೆ ಅದು ಮತ್ತ ನೀರಾಗ ಕರಗಿ ಮಣ್ಣಾಗೂದಿಲ್ಲ. ಇಂಥ ಭಟ್ಟಿಯಾಗ ಒಟ್ಟು ಕಾವು ಸುಮಾರು 700ರಿಂದ 900 ಡಿಗ್ರಿ.

ಇಲ್ಲೊಂದು ಮಾತು ಮನಸಿನಾಗ ಇಟ್ಕೋರಿ. ನಿಮ್ಮ ದಪ್ಪ ತಳದ ಬಟ್ಟಲ ಸಿಡಿದ್ರ ಅದೊಂದೇ ಹೋಗೂದಿಲ್ಲ, ಅದರ ಚೂರು ಬಡದು ಪಕ್ಕದ ಹತ್ತಿಪ್ಪತ್ತು ಹಣತಿ ಒಡೀತಾವು. ಅವು ಆ ಮನಿಯವರ ಅನ್ನ. ಅದಕ್ಕ ಕುಂಬಾರರು ಹೊಸಬರ ಪಾತ್ರೆ ಭಟ್ಟಿಗೆ ಹಾಕಾಕ ಹಿಂದ ಮುಂದ ನೋಡ್ತಾರ, ಸರಿಯಾಗೇ ನೋಡ್ತಾರ. ತಳ 1 ಸೆಂ.ಮೀ.ಗಿಂತ ದಪ್ಪ ಇದ್ದದ್ದನ್ನ ಭಾನುವಾರ ಕೆತ್ತಿ ತೆಳು ಮಾಡ್ರಿ. ಗಟ್ಟಿ ಮುದ್ದಿಯ ಗೊಂಬಿ ಮಾಡಿದ್ರ ಒಳಗ ಪೊಳ್ಳು ಮಾಡಿ, ತಳಕ್ಕ ಒಂದು ತೂತು ಇಡ್ರಿ. ಅವರು ಒಂದು ಪಾತ್ರೆ ಬ್ಯಾಡಂದ್ರ ವಾದ ಮಾಡಬ್ಯಾಡ್ರಿ.

ಆರಿಸೋದೂ ಅಷ್ಟೇ ಮುಖ್ಯ. ಕಾವು ಇಳಿಯುವಾಗ 573 ಡಿಗ್ರಿ ಹತ್ರ ಮಣ್ಣಾಗಿನ ಮರಳಿನ ಹರಳು ಒಮ್ಮೆಲೆ ಕುಗ್ಗತಾವು. ಆ ಹೊತ್ತಿಗೆ ಮುಚ್ಚಿಗಿ ತೆಗದು ತಣ್ಣನ್ನ ಗಾಳಿ ಬಿಟ್ರ ಕೂದಲೆಳಿಯಂಗ ಬಿರುಕು ಬೀಳ್ತದ. ಒಂದು ರಾತ್ರಿ ಬಿಡಬೇಕು. ಹೊರಗ ಬಂದ ಪಾತ್ರೆಯನ್ನ ಬೆರಳ ಗೆಣ್ಣಿನಿಂದ ಬಡೀರಿ: ಖಣ್ ಅಂದ್ರ ಸರಿ, ಬದ್ ಅಂದ್ರ ಎಲ್ಲೋ ಬಿರುಕದ. ಒಡದ ಚೂರಿನ ನಡುವ ಕಪ್ಪು ಗೆರಿ ಕಂಡ್ರ ಒಳಗಿನ ಕಸ ಪೂರ್ತಿ ಸುಟ್ಟಿಲ್ಲಂತ ಅರ್ಥ. ಆ ಚೂರು ಒಂದು ರಾತ್ರಿ ನೀರಿನಾಗಿಟ್ಟು ನೋಡ್ರಿ, ಮೆತ್ತಗಾದ್ರ ಸುಟ್ಟದ್ದು ಕಡಿಮಿ.

ಮನಿಗೆ ತಂದ ಎಂಟು ಹತ್ತು ದಿನಕ್ಕ ಪಾತ್ರೆ ಮೈಯಿಂದ ಹುರಕಿನಂಗ ಚಕ್ಕಿ ಎದ್ದು, ಕೆಳಗ ಬಿಳಿ ಚುಕ್ಕಿ ಕಂಡ್ರ ಅದು ಸುಣ್ಣದ ಹರಳು. ಬೆಂಕಿಯಾಗ ಸುಟ್ಟ ಸುಣ್ಣ ಆಗಿರ್ತದ, ಮುಂಬೈ ಗಾಳಿಯ ಪಸಿ ಹೀರಿ ಉಬ್ಬಿ ಚಕ್ಕಿ ಕೀಳತದ. ನಾದುವಾಗ ಹರಳು ಆರಿಸ್ರಿ ಅಂತ ಮ್ಯಾಲೆ ಹೇಳಿದ್ದು ಇದಕ್ಕ.

ಮಾಟುಂಗಾ ಬಳಗ:

ಇಬ್ಬರಿಗೂ ತುಂಬಾ ಧನ್ಯವಾದ. ಶನಿವಾರ-ಭಾನುವಾರ ಎರಡೂ ದಿನ ಎಂದು ಗುಂಪಿನಲ್ಲಿ ಹೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ಉಳಿದದ್ದು ತಿಂಗಳು, ಹೋಗುವ ದಾರಿ ಮತ್ತು ಹಣದ ಮಾತು. ಒಂದು ವಸ್ತುವಿಗೆ ಇಷ್ಟು ಎಂದು ಕೊಡಬೇಕೋ, ದಿನಕ್ಕೆ ಇಷ್ಟು ಎಂದೋ?

ಸಯನ್ ವಾಸಿ:

ಮೇ ಬೇಡ ಅಕ್ಕಾ. ಕುಂಭಾರವಾಡಾದ ವರ್ಷವನ್ನು ಹಬ್ಬಗಳೇ ನಡೆಸುತ್ತವೆ. ಜನವರಿ ಮಧ್ಯದ ಸಂಕ್ರಾಂತಿಗೆ ಮರಾಠಿ ಮನೆಗಳ ಸುಗಡ (ಪೂಜೆಯ ಪುಟ್ಟ ಮಡಕೆ), ಬೇಸಿಗೆಗೆ ನೀರಿನ ಮಟ್ಕಾ, ಗೋಕುಲಾಷ್ಟಮಿಗೆ ಮೊಸರು ಗಡಿಗೆ, ನವರಾತ್ರಿಗೆ ಗುಜರಾತಿಗಳ ತೂತುಗಳಿರುವ ಗರಬಾ ಮಡಕೆ, ಅದರ ಬೆನ್ನಿಗೇ ದೀಪಾವಳಿಯ ಹಣತೆ. ನವರಾತ್ರಿ, ದೀಪಾವಳಿ ಹೊತ್ತಿನಲ್ಲಿ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಕಲಿಸಿ ಎಂದು ಕೇಳುವುದೇ ತಪ್ಪು. ಮಳೆಗಾಲದಲ್ಲಿ ಒಣಗುವುದೇ ಕಷ್ಟ. ಸಂಕ್ರಾಂತಿ ಮುಗಿದ ಮೇಲೆ ಫೆಬ್ರವರಿ ಮಧ್ಯದವರೆಗೆ ಬಿಡುವು, ಹವೆಯೂ ಒಣ. ದೀಪಾವಳಿ ಕಳೆದು ಡಿಸೆಂಬರ್ ಮೊದಲ ವಾರಗಳೂ ಆಗಬಹುದು. ಮಕ್ಕಳಿಗೆ ಶನಿವಾರ ಒಂದು ದಿನ ಶಾಲೆ ತಪ್ಪಿದರೆ ತಪ್ಪಲಿ.

ಅಲ್ಲಿಯ ಕುಂಬಾರರಲ್ಲಿ ಹೆಚ್ಚಿನವರು ಸೌರಾಷ್ಟ್ರ ಮೂಲದ ಪ್ರಜಾಪತಿ ಸಮುದಾಯದವರು, ಮನೆಮಾತು ಗುಜರಾತಿ. ಹಿಂದಿ, ಮರಾಠಿ ಧಾರಾಳ ನಡೆಯುತ್ತದೆ. ಜಾಗ ಧಾರಾವಿಯ 90 ಫೀಟ್ ರಸ್ತೆಗೆ ಹತ್ತಿಕೊಂಡು, ಸಯನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಪಶ್ಚಿಮ ಮಾರ್ಗದಿಂದ ಬರುವವರು ಮಾಹಿಮ್‌ನಲ್ಲಿ ಇಳಿದು ಆಟೋ ಹಿಡಿಯಲಿ. ಟ್ಯಾಕ್ಸಿಯವರಿಗೆ "ಧಾರಾವಿ ಕುಂಭಾರವಾಡಾ" ಎಂದೇ ಹೇಳಿ, ದಕ್ಷಿಣ ಮುಂಬೈಯಲ್ಲಿ ಗ್ರಾಂಟ್ ರೋಡ್ ಕಡೆ ಇನ್ನೊಂದು ಕುಂಭಾರವಾಡಾ ಇದೆ. ಭಾನುವಾರ ಸೆಂಟ್ರಲ್ ಲೈನಿನ ಮೆಗಾಬ್ಲಾಕ್ (ದುರಸ್ತಿಗಾಗಿ ರೈಲು ನಿಲ್ಲಿಸುವ ಹೊತ್ತು) ಹಿಂದಿನ ದಿನವೇ ನೋಡಿಕೊಳ್ಳಿ.

ಹಣ ವಸ್ತುವಿನ ಲೆಕ್ಕದಲ್ಲಿ ಬೇಡ. ಎರಡು ತಿಗುರಿ ನಿಮಗೆ ಕೊಟ್ಟರೆ ಆ ಮನೆಯ ಅಷ್ಟು ದಿನದ ಉತ್ಪತ್ತಿ ನಿಲ್ಲುತ್ತದೆ. ಕಲಿಸುವವರ ದಿನಗೂಲಿ, ಮಣ್ಣು, ಸುಡುವುದು ಮೂರನ್ನೂ ಬೇರೆ ಬೇರೆಯಾಗಿ ಮಾತಾಡಿ, ಸಿಡಿದರೆ ಯಾರ ನಷ್ಟ ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ಮಣ್ಣು ನಾದುವುದು, ಕಾವಿ ಹಚ್ಚುವುದು ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿರುತ್ತದೆ. ನಿಮಗೆ ಕಲಿಸುವವರು ಅವರೂ ಹೌದು, ಅವರ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಧ್ಯವರ್ತಿ ಮೂಲಕ ಹೋದರೆ ಕುಂಬಾರರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿಯೇ ಒಪ್ಪಿ.

ಅಂಗಳವೇ ಕಾರ್ಖಾನೆ, ಒಳಕೋಣೆಯೇ ಮನೆ. ಬಾಗಿಲೊಳಗೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳಿ. ಒಣಗಲು ಇಟ್ಟ ಸಾಲು ದಾಟಿ ನಡೆಯಬೇಡಿ. ಕೈ ತೊಳೆದ ರಾಡಿನೀರನ್ನು ಗಲ್ಲಿಯ ಗಟಾರಕ್ಕೆ ಚೆಲ್ಲಬಾರದು, ಮಣ್ಣು ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನ ನೀರಷ್ಟೇ ಚೆಲ್ಲಿ. ಒಣ ಮಣ್ಣಿನ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಬ್ಬಸ ಇರುವವರು ಗುಂಪಿನಲ್ಲಿದ್ದರೆ ಭಟ್ಟಿ ಉರಿಯುವ ದಿನ ತಪ್ಪಿಸಿ, ಆ ಹೊಗೆ ದಟ್ಟ.

ಹಸಿ ಪಾತ್ರೆಯನ್ನು ಲೋಕಲ್ ರೈಲಿನಲ್ಲಿ ಒಯ್ಯುವ ಯೋಚನೆ ಬಿಟ್ಟುಬಿಡಿ. ಸುಟ್ಟದ್ದನ್ನು ಒಬ್ಬರು ಹೋಗಿ ವಾರದ ಮಧ್ಯೆ, ಮಧ್ಯಾಹ್ನದ ಹೊತ್ತು ತಂದರೆ ಸಾಕು. ಪ್ರತಿಯೊಂದಕ್ಕೂ ಪೇಪರ್ ಸುತ್ತಿ, ಒಳಗೂ ಪೇಪರ್ ತುಂಬಿ, ಬಾಯಿ ಕೆಳಗೆ ಮಾಡಿ ಇಡಿ.

ಮಳೆಗಾಲದಲ್ಲೇ ಕಲಿಯಬೇಕು ಅಥವಾ ವಾರಗಟ್ಟಲೆ ಕಲಿಯಬೇಕು ಎನ್ನುವವರು ಮುಂದೆ ಯಾರಾದರೂ ಇದ್ದರೆ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ, ಅಲ್ಲಿ ವಿಚಾರಿಸಬಹುದು.

ಗಂಜಿ ತಿಳಿ:

ಸಾರಿನ ಪ್ರಶ್ನೆ ಉಳಿಯಿತು. ಮೊದಲ ಸಲ ಮಾಡಿದ ಚಪ್ಪಟೆ ತಳದ ಬಟ್ಟಲನ್ನು ಗ್ಯಾಸ್ ಮೇಲಿಡಬೇಡಿ. ಅಡುಗೆ ಮಡಕೆಯ ತಳ ಗುಂಡಗಿರುವುದು ಕಾವು ಎಲ್ಲ ಕಡೆ ಸಮ ಹರಡಲಿ ಎಂದು. ಚಪ್ಪಟೆ ತಳಕ್ಕೂ ಗೋಡೆಗೂ ಕೂಡುವ ಮೂಲೆಯಲ್ಲಿ ಎಳೆತ ಬಿದ್ದು ಬಿರಿಯುತ್ತದೆ. ನಿಜವಾಗಿ ಅಡುಗೆಗೇ ಬೇಕಿದ್ದರೆ ಕುಂಬಾರರು ತಟ್ಟಿ ಮಾಡಿದ ಒಂದು ಮಡಕೆ ಕೊಂಡುಕೊಳ್ಳಿ. ನಿಮ್ಮ ಬಟ್ಟಲು ಮೊಸರಿಗೆ, ಉಪ್ಪಿಗೆ, ಗಿಡಕ್ಕೆ ಇರಲಿ.

ಕೊಂಡ ಮಡಕೆಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ. ಆಮೇಲೆ ಅಕ್ಕಿಯ ಗಂಜಿ ತಿಳಿ ಮುಕ್ಕಾಲು ಭಾಗ ಹೊಯ್ದು, ತೀರ ಸಣ್ಣ ಉರಿಯಲ್ಲಿ ಕುದಿಸಿ, ಹಾಗೇ ಆರಲು ಬಿಡಿ. ಗಂಜಿಯ ಪಿಷ್ಟ ಮಣ್ಣಿನ ಸಣ್ಣ ತೂತುಗಳಲ್ಲಿ ಕೂತು ಜಿನುಗುವುದು ಕಡಿಮೆಯಾಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿ. ಬಿಸಿ ಮಡಕೆಗೆ ತಣ್ಣೀರು ಹೊಯ್ಯಬಾರದು, ಬರಿದಾಗಿ ಒಲೆ ಮೇಲೆ ಇಡಬಾರದು, ಸಾಬೂನು ಮುಟ್ಟಿಸಬಾರದು. ತೆಂಗಿನ ನಾರು, ಬಿಸಿನೀರು ಸಾಕು. ತೊಳೆದ ಮೇಲೆ ಪೂರ್ತಿ ಒಣಗಿಸದೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಸುಟ್ಟ ಮೇಲೆ ಅಂಗಡಿ ಬಣ್ಣ ಬಳಿದದ್ದರಲ್ಲಿ ತಿನ್ನುವುದು ಕುಡಿಯುವುದು ಬೇಡವೇ ಬೇಡ. ಸುಡುವ ಮೊದಲು ಹಚ್ಚಿದ ಕಾವಿ ಮಣ್ಣೇ ಆದ್ದರಿಂದ ತೊಂದರೆಯಿಲ್ಲ. ನೀರಿನ ಮಡಕೆಗೆ ಗಂಜಿ ಹಾಕಬೇಡಿ, ಅದು ಜಿನುಗಿ ಹೊರಮೈಯಲ್ಲಿ ಆರಿದರೇ ಒಳಗಿನ ನೀರು ತಣ್ಣಗಾಗುವುದು. ಹೂದಾನಿ ಮಾಡಿದವರು ಕೆಳಗೊಂದು ತಟ್ಟೆ ಇಡಿ, ಇಲ್ಲದಿದ್ದರೆ ಮರದ ಮೇಜಿನ ಮೇಲೆ ಕಲೆ ಬೀಳುತ್ತದೆ. ಮಕ್ಕಳು ಮಾಡಿದ ಹಣತೆಗಳನ್ನು ಹಚ್ಚುವ ಮೊದಲು ಎರಡು ಮೂರು ಗಂಟೆ ನೀರಿನಲ್ಲಿ ನೆನೆಸಿ, ಮೇಲಿನ ಪಸೆ ಆರಿಸಿ, ಆಮೇಲೆ ಎಣ್ಣೆ ಹಾಕಿ. ಮಣ್ಣು ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.